ದೇವನಹಳ್ಳಿಯಿಂದ ಮೈಸೂರಿಗೆ: ಫ್ಲೈಬಸ್ಸೋ, ಮೆಜೆಸ್ಟಿಕ್ ದಾರಿಯೋ?

ದೆಹಲಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಮೂರು ಗಂಟೆ ಸಾಕು. ಆದರೆ ಕೆಂಪೇಗೌಡ ವಿಮಾನ ನಿಲ್ದಾಣ ಊರಿನ ಉತ್ತರಕ್ಕಿದೆ, ಮೈಸೂರು ರಸ್ತೆ ನೈರುತ್ಯಕ್ಕಿದೆ. ನಡುವೆ ಇಡೀ ಬೆಂಗಳೂರು. ಮನೆ ಸೇರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಕೆಲಸದ ಊರಿನಿಂದ ಮೈಸೂರಿಗೆ ಬರುವಾಗ ನಾನು ಎರಡು ದಾರಿಗಳನ್ನೂ ಹಿಡಿದು ನೋಡಿದ್ದೇನೆ.

ಮೊದಲನೆಯದು ವಿಮಾನ ನಿಲ್ದಾಣದಿಂದ ನೇರವಾಗಿ ಮೈಸೂರಿಗೆ ಹೋಗುವ ಕೆಎಸ್‌ಆರ್‌ಟಿಸಿಯ ಫ್ಲೈಬಸ್. ಅಂದು ಜೊತೆಯಲ್ಲಿ ಅಮ್ಮ ಇದ್ದರು. ಅವರಿಗೆ ಮಂಡಿನೋವು, ನಮ್ಮ ಬಳಿ ಎರಡು ದೊಡ್ಡ ಸೂಟ್‌ಕೇಸ್. ವಿಮಾನ ಇಳಿಯುವ ಹೊತ್ತಿಗೆ ನಲವತ್ತು ನಿಮಿಷ ಸೇರಿಸಿ ಟಿಕೆಟ್ ಕಾಯ್ದಿರಿಸಿದ್ದೆ. ವಿಮಾನ ತಡವಾಯಿತು, ಬಸ್ ಹೊರಟುಹೋಗಿತ್ತು, ಮತ್ತೆ ಟಿಕೆಟ್ ಕೊಂಡು ಕಾಯಬೇಕಾಯಿತು. ಹತ್ತಿದ ಮೇಲೆ ಮಾತ್ರ ಯಾವ ಚಿಂತೆಯೂ ಉಳಿಯಲಿಲ್ಲ. ಸಾಮಾನು ಬಸ್ಸಿನ ಹೊಟ್ಟೆಗೆ ಹೋಯಿತು, ಅಮ್ಮ ಹೆಬ್ಬಾಳ ಬರುವ ಮೊದಲೇ ನಿದ್ದೆಹೋದರು. ರಾತ್ರಿ ಹನ್ನೊಂದೂವರೆಗೆ ಹೊರಟವರು ಮೂರೂಕಾಲಿಗೆ ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದಲ್ಲಿದ್ದೆವು. ನಡುವೆ ಎಲ್ಲಿಯೂ ಇಳಿದು ಹತ್ತುವ ಮಾತಿಲ್ಲ. ಮಂಡಿನೋವಿನವರಿಗೆ ಇದರ ಬೆಲೆ ಏನೆಂಬುದು ಆ ರಾತ್ರಿ ಅಮ್ಮನ ಮುಖ ನೋಡಿದಾಗ ನನಗೆ ತಿಳಿಯಿತು.

ಎರಡನೆಯ ಸಲ ಒಬ್ಬಳೇ ಬಂದೆ, ಹೆಗಲಿಗೊಂದು ಚೀಲ, ನಡುಮಧ್ಯಾಹ್ನ. ವಿಮಾನ ನಿಲ್ದಾಣದಿಂದ ನಗರಕ್ಕೆ ಬರುವ ಬಿಎಂಟಿಸಿಯ ವಾಯುವಜ್ರ ಬಸ್ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದೆ. ಅಲ್ಲಿಂದ ನೇರಳೆ ಮಾರ್ಗದ ಮೆಟ್ರೋದಲ್ಲಿ ದೀಪಾಂಜಲಿ ನಗರ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಹತ್ತಿರದ ಮೆಟ್ರೋ ನಿಲ್ದಾಣ ಅದೇ. ಅನೇಕರು ಹೆಸರು ನೋಡಿ ‘ಮೈಸೂರು ರಸ್ತೆ’ ನಿಲ್ದಾಣದವರೆಗೆ ಹೋಗಿ ಹಿಂದಕ್ಕೆ ಬರುತ್ತಾರೆ, ದಯವಿಟ್ಟು ಇದನ್ನು ನೆನಪಿಡಿ. ಸ್ಯಾಟಲೈಟ್‌ನಲ್ಲಿ ಮೈಸೂರಿನ ಬಸ್ಸಿಗೆ ಕಾಯಬೇಕಾಗಿಯೇ ಇಲ್ಲ, ಒಂದು ಹೊರಡುವಾಗ ಇನ್ನೊಂದು ತುಂಬುತ್ತಿರುತ್ತದೆ. ವಿಮಾನ ತಡವಾದರೂ ತಪ್ಪಿಹೋಗುವ ಬಸ್ ಎಂಬುದೇ ಈ ದಾರಿಯಲ್ಲಿಲ್ಲ. ಅವಸರಪಟ್ಟು ಟಿಕೆಟ್ ಕಳೆದುಕೊಂಡಿದ್ದ ನನಗೆ ಇದು ದೊಡ್ಡ ಸಮಾಧಾನ.

ಖರ್ಚಿನ ವಿಷಯದಲ್ಲಿ ಹೆಂಗಸರ ಲೆಕ್ಕವೇ ಬೇರೆ. ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ, 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಫ್ಲೈಬಸ್ಸಿಗೂ ಅನ್ವಯಿಸುವುದಿಲ್ಲ, ವಾಯುವಜ್ರಕ್ಕೂ ಇಲ್ಲ. ಆದರೆ ಸ್ಯಾಟಲೈಟ್‌ನಿಂದ ಹೊರಡುವ ಕೆಂಪು ಬಸ್ಸಿಗೆ ಇದೆ. ನನ್ನ ಆಧಾರ್‌ನಲ್ಲಿ ಈಗಲೂ ಮೈಸೂರಿನ ವಿಳಾಸವೇ ಇರುವುದರಿಂದ ನಿರ್ವಾಹಕರು ಶೂನ್ಯ ದರದ ಟಿಕೆಟ್ ಕೊಟ್ಟರು. ಒಟ್ಟು ಖರ್ಚು ಫ್ಲೈಬಸ್ ಟಿಕೆಟ್‌ನ ಅರ್ಧವೂ ಆಗಲಿಲ್ಲ. ಗಂಡಸರಿಗೆ ಅಂತರ ಇಷ್ಟು ದೊಡ್ಡದಿರುವುದಿಲ್ಲ.

ಹೊತ್ತು ಮಾತ್ರ ಹಿಡಿಯಿತು. ಹನ್ನೆರಡಕ್ಕೆ ವಿಮಾನ ನಿಲ್ದಾಣ ಬಿಟ್ಟವಳು ಮೈಸೂರು ಸೇರಿದಾಗ ಐದೂ ಕಾಲು. ಮೂರು ಕಡೆ ಹತ್ತಿ ಇಳಿದು, ಮೆಟ್ರೋದಲ್ಲಿ ಚೀಲವನ್ನು ಸ್ಕ್ಯಾನರ್‌ಗೆ ಹಾಕಿ ತೆಗೆದು, ಮೆಜೆಸ್ಟಿಕ್‌ನ ಜನಸಾಗರದಲ್ಲಿ ದಾರಿ ಮಾಡಿಕೊಂಡು ಬರಬೇಕು. ಎರಡು ಸೂಟ್‌ಕೇಸ್ ಇದ್ದಿದ್ದರೆ ನಾನು ಈ ದಾರಿಯ ಗೊಡವೆಗೇ ಹೋಗುತ್ತಿರಲಿಲ್ಲ. ಸ್ಯಾಟಲೈಟ್‌ನಲ್ಲಿ ‘ನಾನ್‌ಸ್ಟಾಪ್’ ಬಸ್ಸೇ ಎಂದು ಕೇಳಿ ಹತ್ತುವುದೂ ಮುಖ್ಯ. 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತದೆ. ಊರೊಳಗೆ ಹೋಗಿ ಬರುವ ಬಸ್ ಹತ್ತಿದರೆ ಆ ಲಾಭ ನಮಗೆ ಸಿಗುವುದಿಲ್ಲ. ಮದ್ದೂರಿನವರಿಗೋ ಚನ್ನಪಟ್ಟಣದವರಿಗೋ ಆದರೆ ಊರೊಳಗೆ ಇಳಿಸುವ ಆ ಬಸ್ಸೇ ಒಳ್ಳೆಯದು.

ಹಾಗಾಗಿ ಹಗಲಿನಲ್ಲಿ, ಒಂದೇ ಚೀಲವಿದ್ದರೆ ನನ್ನ ಆಯ್ಕೆ ಮೆಜೆಸ್ಟಿಕ್. ರಾತ್ರಿ ಹತ್ತರ ಮೇಲೆ ಇಳಿದರೆ, ಜೊತೆಯಲ್ಲಿ ಹಿರಿಯರೋ ಮಕ್ಕಳೋ ಇದ್ದರೆ ಫ್ಲೈಬಸ್, ದುಡ್ಡಿನ ಮುಖ ನೋಡದೆ.

ಮುಂದಿನ ತಿಂಗಳು ಅಮ್ಮ ಒಬ್ಬರೇ ದೆಹಲಿಯಿಂದ ಊರಿಗೆ ಮರಳುತ್ತಾರೆ. ಅವರಿಗೆ ಫ್ಲೈಬಸ್ ಟಿಕೆಟ್ ಮಾಡಿಸಿದ್ದೇನೆ. ಈ ಬಾರಿ ವಿಮಾನ ಇಳಿದ ಎರಡು ಗಂಟೆಯ ನಂತರ ಹೊರಡುವ ಬಸ್ಸಿಗೆ.