‘ಕರಕರ’ಕ್ಕೆ ಮದ್ದು: ಡಬ್ಲ್ಯೂಡಿ-40 ಸ್ಪೆಷಲಿಸ್ಟ್ ಕಾಂಟ್ಯಾಕ್ಟ್ ಕ್ಲೀನರ್

ಆಂಪ್ಲಿಫೈಯರ್ ‘ಕರಕರ ಅನ್ನುತ್ತದೆ’ ಅಂದರೆ ಅರ್ಧ ರೋಗ ತಿಳಿದಂತೆ. ಆದರೆ ಒರಟು ದನಿಗೆಲ್ಲ ಇದೇ ಮಾತು ಬಳಸಿದರೆ ಕ್ಲೀನರ್‌ಗೆ ಕೊಟ್ಟ ದುಡ್ಡು ದಂಡ. ವಾಲ್ಯೂಮ್ ಏರಿಸಿದಾಗ ಮಾತ್ರ ದನಿ ಒರಟಾದರೆ ಅದು ಸೌಂಡ್ ಒಡೆಯುವುದು. ತಗ್ಗು ಸ್ವರಕ್ಕೆಲ್ಲ ಬರಬರ ಎಂದರೆ ಸ್ಪೀಕರ್ ಕೋನ್ ಹರಿದಿರುತ್ತದೆ, ಇಲ್ಲವೇ ಕಾಯಿಲ್ ಉಜ್ಜುತ್ತಿರುತ್ತದೆ. ಹಾಡು ನಿಲ್ಲಿಸಿ, ನಾಬ್ ಮೆಲ್ಲಗೆ ತಿರುಗಿಸಿ: ತಿರುಗಿಸುವಾಗಷ್ಟೇ ಬರುವ ಸದ್ದು ನಿಜವಾದ ಕರಕರ. ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ಕೊಳೆ ಕೂತು, ಅದರ ಮೇಲೆ ಜಾರುವ ಲೋಹದ ನಾಲಗೆಗೆ ಸಂಪರ್ಕ ತಪ್ಪುತ್ತಿದೆ ಎಂದರ್ಥ.

ಈ ಸ್ಪ್ರೇ ಅಲ್ಲಿಗೆ ಸರಿಯಾದ ಮದ್ದು. ಬೇಗ ಆರುತ್ತದೆ, ಜಿಡ್ಡು ಉಳಿಸುವುದಿಲ್ಲ. ಅದೇ ಹೆಸರಿನ ಮಾಮೂಲಿ ಡಬ್ಬಿ ಮಾತ್ರ ತರಬೇಡಿ. ಅದರ ಎಣ್ಣೆ ಒಳಗೇ ಉಳಿದು ಧೂಳು ಹಿಡಿಯುತ್ತದೆ.

ಮೊದಲು ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು: ಸ್ಪ್ರೇ ಬೆಂಕಿ ಹಿಡಿಯುವಂಥದ್ದು. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ (ವಿದ್ಯುತ್ ಕೂಡಿಡುವ ಬಿಡಿಭಾಗ) ಚಾರ್ಜ್ ಸ್ವಲ್ಪ ಹೊತ್ತು ಉಳಿದಿರುತ್ತದೆ, ಕಾದು ಮುಂದುವರಿಯಿರಿ. ಕವರ್ ತೆಗೆದು, ನಾಬ್ ತಿರುಗಿಸುವ ಬಿಡಿಭಾಗದ, ಅಂದರೆ ಕಂಟ್ರೋಲ್‌ನ, ಕಾಲುಗಳ ಮೇಲೆ ನೋಡಿ, ತಗಡಿಗೂ ಕಂದು ಹಾಳೆಗೂ ನಡುವೆ ಸಣ್ಣ ಸಂದಿ ಇರುತ್ತದೆ. ನಳಿಕೆ ಅಲ್ಲಿಟ್ಟು 1 ಸೆಕೆಂಡ್ ಒತ್ತಿ. ಈ ತುದಿಯಿಂದ ಆ ತುದಿಗೆ 20–30 ಸಲ ತಿರುಗಿಸಿ. ಕಪ್ಪು ನೀರು ಇಳಿಯುವಂತೆ ಓರೆ ಮಾಡಿ ಇನ್ನೊಂದು ಸಲ ಒತ್ತಿ. ಅರ್ಧ ಗಂಟೆ ಆರಿದ ಮೇಲೇ ಪ್ಲಗ್ ಹಾಕಿ. ಸ್ಟೀರಿಯೊ ಕಂಟ್ರೋಲ್‌ನಲ್ಲಿ ಎರಡು ಪದರ, ಎರಡಕ್ಕೂ ಹೊಡೆಯಬೇಕು.

ಕೊರತೆ ಒಂದಿದೆ: ಕೊಳೆಯ ಜೊತೆ ಕಂಪನಿ ಹಾಕಿದ ಗ್ರೀಸೂ ತೊಳೆದುಹೋಗುತ್ತದೆ, ನಾಬ್ ಸಡಿಲವೆನಿಸುತ್ತದೆ. ಆದ್ದರಿಂದ ಸೌಂಡ್ ಮಿಕ್ಸರ್‌ನ ಉದ್ದುದ್ದ ಫೇಡರ್‌ಗಳಿಗೆ (ಜಾರಿಸುವ ಕಂಟ್ರೋಲ್) ಇದು ಬೇಡ. ಜಾರುಗುಣ ಉಳಿಸುವ ಡಿಆಕ್ಸಿಟ್ ಎಫ್5 ಬಗೆಯ ಸ್ಪ್ರೇ ಮೇಲು.

ತೊಳೆದ ಕೂಡಲೇ ಕರಕರ ಮರಳಿದರೆ ಮತ್ತೆ ಮತ್ತೆ ಹೊಡೆಯಬೇಡಿ. ಪಟ್ಟಿ ಸವೆದಿರಬಹುದು, ಇಲ್ಲವೇ ಕಂಟ್ರೋಲ್‌ಗೆ ಮೊದಲು ಬರುವ ಕೆಪಾಸಿಟರ್ ಸೋರಿ ಅದಕ್ಕೆ ಡಿಸಿ (ಒಂದೇ ದಿಕ್ಕಿನ) ವೋಲ್ಟೇಜ್ ನುಗ್ಗುತ್ತಿರಬಹುದು. ಮೀಟರ್ ಇಟ್ಟು ನೋಡಿ: ಡಿಸಿ ಕಂಡರೆ ಕೆಪಾಸಿಟರ್, ಇಲ್ಲದಿದ್ದರೆ ಕಂಟ್ರೋಲ್ ಬದಲಿಸಿ. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ಮುನ್ನ ಹಳೆಯದರ ಮೇಲಿನ ಅಕ್ಷರ ಬರೆದುಕೊಳ್ಳಿ. 50ಕೆ ಅಂದರೆ 50 ಕಿಲೋ ಓಮ್; ಎ ಕಿವಿಗೆ ಹೊಂದುವಂತೆ ಏರುವ ಬಗೆ, ಬಿ ಒಂದೇ ಸಮ ಏರುವ ಬಗೆ. ಎ50ಕೆ ಇದ್ದಲ್ಲಿ ಬಿ50ಕೆ ಹಾಕಿದರೆ ಮೊದಲ ಕಾಲು ಸುತ್ತಿಗೇ ದನಿ ಅಬ್ಬರಿಸುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಏರಿದಂತೆ ಕೇಳುವುದಿಲ್ಲ.