ಮುದ್ದಿನ ಪುಸ್ತಕ: ಕೊಂಡ ಎರಡಕ್ಕಿಂತ ಜೆರಾಕ್ಸ್ ಅಂಗಡಿಯದೇ ಮೇಲು

ಎರಡರಿಂದ ನಾಲ್ಕು ವರ್ಷದ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಓದಲು ಅಕ್ಕರೆಯ ಚಿತ್ರಪುಸ್ತಕ ಬೇಕೆಂದರೆ ಬೆಂಗಳೂರಿನಲ್ಲಿ ಮೂರು ದಾರಿ. ಚರ್ಚ್ ಸ್ಟ್ರೀಟ್ ಕಡೆ ಸಿಗುವ, ದಪ್ಪ ರಟ್ಟಿನ ಪುಟಗಳ ಆಮದಿನ ಇಂಗ್ಲಿಷ್ ಬೋರ್ಡ್ ಬುಕ್. ಇಂಗ್ಲಿಷ್, ಕನ್ನಡ ಎರಡೂ ಇರುವ ದ್ವಿಭಾಷಾ ಪುಸ್ತಕ. ಮಕ್ಕಳ ಕಥೆಗಳ ಸ್ಟೋರಿವೀವರ್ ಜಾಲತಾಣದಿಂದ ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿದ ಕನ್ನಡ ಪುಸ್ತಕ. ಮೂರನ್ನೂ ಓದಿ ಸವೆಸಿದ ಮೇಲೆ ನನ್ನ ಓಟು ಕೊನೆಯದಕ್ಕೇ.

ಬೋರ್ಡ್ ಬುಕ್ ಗಟ್ಟಿ, ಜೊಲ್ಲಿಗೆ ಹೆದರದು. ಆದರೆ 400 ರೂಪಾಯಿ ಆಸುಪಾಸು, ಮೇಲಾಗಿ ಅಜ್ಜಿ ಪುಟಪುಟವನ್ನೂ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಳ್ಳಬೇಕು. ಹಲ್ಲು ಬರುತ್ತಿರುವ ಕೂಸಿಗೆ ಸರಿ, ಮಾತು ಕಲಿಯುವ ಮಗುವಿಗೆ ಸಾಲದು.

ದ್ವಿಭಾಷಾ ಪುಸ್ತಕ ಕೈಕೊಟ್ಟದ್ದು ಒಂದೇ ವಾಕ್ಯದಲ್ಲಿ: ‘ನಾನು ನಿನ್ನನ್ನು ಪ್ರೀತಿಸುತ್ತೇನೆ.’ ಯಾವ ತಾಯಿ ಮಗುವಿಗೆ ಕನ್ನಡದಲ್ಲಿ ಹೀಗೆ ಹೇಳುತ್ತಾಳೆ? ಇಂಗ್ಲಿಷಿನಲ್ಲಿ ಮೂರೇ ಉಚ್ಚಾರಕ್ಕೆ ಮುಗಿಯುವ ಮಾತು ಇಲ್ಲಿ 10 ಅಕ್ಷರ ಹಿಡಿಯುತ್ತದೆ. ಈ ಬಗೆಯ ಪುಸ್ತಕಕ್ಕೆ ಅದೇ ಪಲ್ಲವಿ, ಮತ್ತೆ ಮತ್ತೆ ಬರುತ್ತದೆ. ಬಂದಾಗಲೆಲ್ಲ ಓದುವವರ ದನಿ ವಾರ್ತೆ ಓದಿದ ಹಾಗಾಗುತ್ತದೆ. ಜೊತೆಗೆ ತಾಯಿಕರಡಿ ಮರಿಯನ್ನು ‘ಚುಂಬಿಸುತ್ತದೆ’, ‘ಆಲಿಂಗಿಸುತ್ತದೆ’. ಮನೆಯಲ್ಲಿ ನಾವು ಮುತ್ತು ಕೊಡುತ್ತೇವೆ, ತಬ್ಬಿಕೊಳ್ಳುತ್ತೇವೆ, ಕೆನ್ನೆ ಸವರಿ ಲಟಿಕೆ ಮುರಿದು ದೃಷ್ಟಿ ತೆಗೆಯುತ್ತೇವೆ. ‘ನನ್ನ ಬಂಗಾರ’ ಅಂದರೆ ಮುಗಿಯಿತು, ಅದಕ್ಕೆ ಕ್ರಿಯಾಪದವೇ ಬೇಡ.

ಓದುವಾಗಲೇ ಬದಲಿಸಿಕೊಳ್ಳಬಹುದಲ್ಲ ಎನ್ನುವಿರೇನೋ. ಆಗದು. ದಿನಾ ಓದಿದ ಪುಸ್ತಕ ಮೂರು ವರ್ಷದ ಮಗುವಿಗೆ ಬಾಯಿಪಾಠವಾಗಿರುತ್ತದೆ. ನಿನ್ನೆ ‘ಬಂಗಾರ’ ಅಂದು ಇವತ್ತು ‘ಚಿನ್ನಾರಿ’ ಅಂದರೆ ‘ಹಂಗಲ್ಲ!’ ಎಂದು ಪುಟವನ್ನು ಹಿಂದಕ್ಕೆ ಮಗುಚುತ್ತದೆ. ಅಮ್ಮ ಒಂದು ಓದಿ, ಅಜ್ಜಿ ಇನ್ನೊಂದು ಓದಿದರಂತೂ ಅಳುವೇ. ಅಚ್ಚಾದ ಮಾತೇ ಸರಿಯಿರಬೇಕು. ಕೊಳ್ಳುವವರು ಅಂಗಡಿಯಲ್ಲೇ ನಿಂತು ನಾಲ್ಕು ಪುಟ ಗಟ್ಟಿಯಾಗಿ ಓದಿ ನೋಡಿ. ನಾಲಿಗೆ ಎಡವಿದರೆ ಅಲ್ಲೇ ಇಟ್ಟು ಬನ್ನಿ.

ಸ್ಟೋರಿವೀವರ್ ಗೆಲ್ಲುವುದು ಇಲ್ಲೇ. ನಮ್ಮೂರಿನದೇ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ತಾಣ ಇದು. ಅಲ್ಲಿನ ಹೆಚ್ಚಿನ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಲ್ಲಿರುವುದರಿಂದ ಅಚ್ಚು ಹಾಕಬಹುದು, ಮಾತನ್ನೂ ತಿದ್ದಬಹುದು. ನಿಮ್ಮ ಮನೆಯಲ್ಲಿ ‘ಅವ್ವ’ ಎನ್ನುವುದಾದರೆ ‘ಅವ್ವ’ ಎಂದೇ ಹಾಕಿಕೊಳ್ಳಿ. ತಾಣದಲ್ಲಿ ಕಥೆಗಳನ್ನು ಓದಿನ ಹಂತಗಳಾಗಿ ವಿಂಗಡಿಸಿದ್ದಾರೆ; ಈ ವಯಸ್ಸಿಗೆ ಮೊದಲ ಹಂತದ ಕಥೆ ಸಾಕು.

ಅಚ್ಚಿನಲ್ಲಿ ಎಡವುವ ಜಾಗಗಳಿವೆ. ಪುಟಗಳು ಅಡ್ಡ ಆಕಾರದಲ್ಲಿದ್ದರೆ ಮಡಚಿ ಪಿನ್ನು ಹೊಡೆಯುವ ಬುಕ್‌ಲೆಟ್ ಅಚ್ಚು ಹೊಂದದು: ಚಿತ್ರ ಕುಗ್ಗಿ, ಮೇಲೆ ಕೆಳಗೆ ಖಾಲಿ ಉಳಿಯುತ್ತದೆ. ಒಂದು ಎ4 ಹಾಳೆಗೆ ಎರಡು ಪುಟದಂತೆ, ಒಂದೇ ಮಗ್ಗುಲಿಗೆ, ಶೇ. 90 ಅಳತೆಯಲ್ಲಿ ಹಾಕಿಸಿ. ಪೂರ್ತಿ ಅಳತೆಗೆ ಹಾಕಿಸಿದರೆ ಸ್ಪೈರಲ್ ತೂತು ಸಾಲಿನ ಮೊದಲಕ್ಷರವನ್ನೇ ನುಂಗುತ್ತದೆ. ಲೇಸರ್ ಪ್ರಿಂಟೇ ಇರಲಿ. ಇಂಕ್‌ಜೆಟ್ ಬಣ್ಣ ಒದ್ದೆ ಬೆರಳಿಗೆ ಹರಡುತ್ತದೆ. ಹಾಳೆಗಳನ್ನು ನಡುವೆ ಕತ್ತರಿಸಿ, 1ರ ಬೆನ್ನಿಗೆ 2, 3ರ ಬೆನ್ನಿಗೆ 4 ಎಂದು ಗ್ಲೂ ಸ್ಟಿಕ್‌ನಿಂದ ಅಂಟಿಸಿ. ಬಿಳಿ ಗೋಂದಿನ ನೀರನ್ನು ಹೀರಿ ಹಾಳೆ ಸುರುಟಿಕೊಳ್ಳುತ್ತದೆ. ರಾತ್ರಿಯಿಡೀ ಭಾರದ ಕೆಳಗಿಟ್ಟು, ಮೂಲೆ ದುಂಡಗೆ ಕತ್ತರಿಸಿ, ಪ್ಲಾಸ್ಟಿಕ್ ಸ್ಪೈರಲ್ ಹಾಕಿಸಿ. ತಂತಿಯ ತುದಿ ಮಗುವಿನ ಕೈಗೆ ಚುಚ್ಚುತ್ತದೆ.

16 ಪುಟಕ್ಕೆ 8 ಹಾಳೆ. ಬಣ್ಣದ ಅಚ್ಚು ಹಾಳೆಗೆ 10 ರೂಪಾಯಿ ಹಿಡಿದರೂ ಸ್ಪೈರಲ್ ಸೇರಿ 150 ದಾಟದು. ಹರಿದರೆ ಅದೊಂದೇ ಹಾಳೆ ಮತ್ತೆ ಹಾಕಿಸಿದರಾಯಿತು. ಪುಸ್ತಕಕ್ಕೆಂದು ತಿಂಗಳಿಗೆ 300 ರೂಪಾಯಿ ಎತ್ತಿಡುವ, ಒಂದೇ ಕಥೆಯನ್ನು ರಾತ್ರಿ ನಾಲ್ಕು ಸಲ ಓದುವ ಮನೆಗೆ ಇದೇ ಹೊಂದುವುದು. ಕತ್ತರಿಸುವಾಗ ಕೊನೆಯ ಪುಟ ಮಾತ್ರ ಬಿಡಬೇಡಿ: ಬರೆದವರ, ಚಿತ್ರ ಬಿಡಿಸಿದವರ ಹೆಸರು ಅಲ್ಲಿದೆ, ಪರವಾನಗಿ ಕೇಳುವುದು ಅದನ್ನೇ. ಮಾತು ತಿದ್ದಿದ್ದರೆ ಅದನ್ನೂ ಅಲ್ಲೇ ಬರೆಯಿರಿ.