ಸಿಯಾಸತ್‌ನಾಮಾ: 3, 4, 5ನೇ ಅಧ್ಯಾಯಗಳನ್ನಂತೂ ಬಿಡಬೇಡಿ

ರಾಜನಾದವನು ವಾರಕ್ಕೆ ಎರಡು ದಿನ ಜನರ ದೂರುಗಳನ್ನು ತಾನೇ ಕೂತು ಕೇಳಬೇಕು, ನಡುವೆ ಯಾರೂ ಇರಬಾರದು. 11ನೇ ಶತಮಾನದಲ್ಲಿ ನಿಜಾಮ್ ಅಲ್-ಮುಲ್ಕ್ ‘ಸಿಯಾಸತ್‌ನಾಮಾ’ ಎಂಬ ರಾಜ್ಯಾಡಳಿತದ ಪುಸ್ತಕದಲ್ಲಿ ಬರೆದ ಮಾತಿದು. ಆತ ಬರೀ ಪಂಡಿತನಲ್ಲ. ಆಗ ಇರಾನ್ ಆಳುತ್ತಿದ್ದ ಸೆಲ್ಜುಕ್ ತುರ್ಕರ ಇಬ್ಬರು ಸುಲ್ತಾನರಾದ ಆಲ್ಪ್ ಅರ್ಸ್ಲಾನ್, ಮಲಿಕ್ ಷಾ ಇವರಿಗೆ ವಜೀರನಾಗಿದ್ದವನು. ಮೂಲ ಪಾರಸಿ; ನಾನು ಓದಿದ್ದು ಹ್ಯೂಬರ್ಟ್ ಡಾರ್ಕ್ ಅವರ ಇಂಗ್ಲಿಷ್ ಅನುವಾದ. ಸರಾಗವಾಗಿ ಓದಿಸಿಕೊಳ್ಳುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು 5ನೇ ಅಧ್ಯಾಯ. ಆಗ ಸೈನ್ಯಾಧಿಕಾರಿಗಳಿಗೆ ಸಂಬಳದ ಬದಲು ಊರುಗಳ ಕಂದಾಯ ಬಿಟ್ಟುಕೊಡುತ್ತಿದ್ದರು, ಅದೇ ಇಕ್ತಾ. ವಜೀರ ಅವರಿಗೆ ಖಡಾಖಂಡಿತವಾಗಿ ಹೇಳುತ್ತಾನೆ: ನಿಮಗೆ ಸಲ್ಲಬೇಕಾದ ತೆರಿಗೆಯನ್ನು ಸೌಜನ್ಯದಿಂದ ವಸೂಲಿ ಮಾಡಿ, ಅಷ್ಟೇ, ಅದಾದ ಮೇಲೆ ರೈತನ ಮೈ, ಮನೆ, ಹೊಲ, ಹೆಂಡತಿ ಮಕ್ಕಳು ಯಾವುದರ ಮೇಲೂ ನಿಮಗೆ ಹಕ್ಕಿಲ್ಲ, ಅವನು ದೂರು ಹೇಳಲು ಆಸ್ಥಾನಕ್ಕೆ ಹೊರಟರೆ ತಡೆಯುವಂತಿಲ್ಲ. ಒಂದೇ ಕಡೆ ಬೇರೂರಬಾರದು ಅಂತ ಇವರನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕಂತೆ. ಆಡಳಿತ ಎಲ್ಲಿ ಕೆಡುತ್ತದೆ ಅನ್ನುವುದು ಗೊತ್ತಿದ್ದವನೇ ಹೀಗೆ ಬರೆಯಬಲ್ಲ, ಅಲ್ವಾ?

ಕಥೆಗಳೂ ಚೆನ್ನಾಗಿವೆ. ಕಿವಿ ಸರಿಯಾಗಿ ಕೇಳದ ಒಬ್ಬ ರಾಜ, ದೂರಿದ್ದವರು ಮಾತ್ರ ಕೆಂಪು ಬಟ್ಟೆ ತೊಡಲಿ ಎಂದು ಹೇಳಿ, ಆನೆ ಮೇಲೆ ಕೂತು ಅವರನ್ನು ಗುರುತಿಸಿ ಕರೆಸುತ್ತಿದ್ದನಂತೆ. ಇನ್ನೊಂದರಲ್ಲಿ ಕುರುಬನೊಬ್ಬ ತನ್ನ ನಂಬಿಕೆಯ ನಾಯಿಯನ್ನೇ ನೇಣಿಗೆ ಹಾಕಿರುತ್ತಾನೆ. ಅದು ಹೆಣ್ಣು ತೋಳದ ಜೊತೆ ಸೇರಿಕೊಂಡು ಮಂದೆಯನ್ನು ತಿನ್ನಲು ಬಿಟ್ಟಿತ್ತು. ಇದನ್ನು ಕೇಳಿದ ಹಳೆಯ ಇರಾನಿನ ದೊರೆ ಬಹ್ರಾಮ್ ಗೂರ್‌ಗೆ ತನ್ನ ವಜೀರನ ಮೇಲೇ ಅನುಮಾನ ಹುಟ್ಟುತ್ತದೆ.

ಒಟ್ಟು 50 ಅಧ್ಯಾಯ. ಮೊದಲು ಬರೆದದ್ದು 39, ಕೊನೆಯ 11 ಆಮೇಲೆ ಸೇರಿದ್ದು. ಅವುಗಳಲ್ಲಿ ತುಂಬಾ ಸಿಟ್ಟಿದೆ. ಶಿಯಾ ಮುಸ್ಲಿಮರ ಒಂದು ಪಂಗಡವಾದ ಇಸ್ಮಾಯಿಲಿಗಳ ಬಗ್ಗೆ, ಅರಮನೆಯ ಹೆಂಗಸರ ಬಗ್ಗೆ ಬರೆದದ್ದು ನನಗಂತೂ ಒಪ್ಪಿಗೆಯಿಲ್ಲ. 1090ರಲ್ಲಿ ಇರಾನಿನ ಅಲಮೂತ್ ಕೋಟೆ ಇಸ್ಮಾಯಿಲಿಗಳ ಕೈ ಸೇರಿತ್ತು, ಮಲಿಕ್ ಷಾನ ರಾಣಿ ತೆರ್ಕೆನ್ ಖಾತೂನ್ ಜೊತೆ ಇವನಿಗೆ ಹಗೆ ಬೆಳೆದಿತ್ತು, 1092ರಲ್ಲಿ ಬಾಗ್ದಾದಿಗೆ ಹೋಗುವ ದಾರಿಯಲ್ಲಿ ಕೊಲೆಯೂ ಆದ. ಸಿಟ್ಟಿನ ಕಾರಣ ತಿಳಿಯುತ್ತದೆ, ಆದರೂ ಓದುವಾಗ ಬೇಸರವಾಗುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಒಂದಿದೆ. ಅಧಿಕಾರಿಯ ಮೇಲೆ ಕಣ್ಣಿಡಲು ವ್ಯಾಪಾರಿ, ಸೂಫಿ, ಔಷಧಿ ಮಾರುವವನ ವೇಷದ ಗೂಢಚಾರರಿದ್ದಾರೆ. ರಾಜನೇ ಅನ್ಯಾಯ ಮಾಡಿದರೆ ಕೇಳುವವರು ಯಾರು? ಅಲ್ಲಾಹನ ಮುಂದೆ ಲೆಕ್ಕ ಕೊಡಬೇಕಾದೀತು ಅನ್ನುವ ಎಚ್ಚರಿಕೆ ಬಿಟ್ಟರೆ ಇಲ್ಲಿ ಬೇರೆ ಉತ್ತರವಿಲ್ಲ.

ಆದರೂ ಕೊಂಡು ಓದಿ. ಐದಕ್ಕೆ ನಾಲ್ಕು ಕೊಡುತ್ತೇನೆ.